ಅಜ್ಜನ ಉಯಿಲು ಯಾವ ಕಚೇರಿಯಲ್ಲಿದೆ?

(ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಲ್ಲಿ ಗ್ರಾಮಸ್ಥರ ಮುಂದೆ ಆಡಿದ ಮಾತುಗಳ ಬರಹರೂಪ)



ಸತ್ತವರ ಆಸ್ತಿಯ ಕಾಗದಪತ್ರ ಹುಡುಕುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನೀವು ಕೇಳಿದ್ದೀರಿ. ಕೇಳುವುದಕ್ಕೆ ಇದು ವಕೀಲರ ವಿಷಯ. ಆದರೆ ಈ ಸೀಮೆಯಲ್ಲಿ ಅದು ಮೊದಲು ಚರಿತ್ರೆಯ ವಿಷಯ, ಆಮೇಲೆ ಕಾನೂನಿನ ವಿಷಯ. ಕೊಳ್ಳೇಗಾಲ, ಹನೂರು, ಯಳಂದೂರು ಈವತ್ತು ಒಂದೇ ಜಿಲ್ಲೆಯ ಮೂರು ತಾಲ್ಲೂಕುಗಳು. ಒಂದೇ ಭಾಷೆ, ಒಂದೇ ಮಾದಪ್ಪ, ಒಂದೇ ಸಂತೆ. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಅಲ್ಲಿಂದಿಲ್ಲಿಗೆ ಹೆಣೆದುಕೊಂಡಿವೆ. ಆದರೆ ಕಾಗದದ ಲೋಕದಲ್ಲಿ ಇವು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇರೆ ಬೇರೆ ದೊರೆಗಳ ಸೀಮೆಗಳಾಗಿದ್ದವು. ಆದ್ದರಿಂದ ತಾತನ ಕಾಗದ ಹುಡುಕಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು ಇಸವಿಯನ್ನು. ಇಸವಿ ಗೊತ್ತಾದರೆ ಕಚೇರಿಯ ಹೆಸರು ತಾನಾಗಿ ಹೊರಬರುತ್ತದೆ.

ಎರಡು ಸರಕಾರ, ಎರಡು ಕಪಾಟು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡರಲ್ಲ, ಆಗ ಕೊಳ್ಳೇಗಾಲ ಸೀಮೆ ಇಂಗ್ಲಿಷ್ ಕಂಪನಿಯ ಪಾಲಿಗೆ ಹೋಗಿ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಘಟ್ಟದ ಮೇಲಿನ ಕನ್ನಡದ ತಾಲ್ಲೂಕಿಗೆ ಘಟ್ಟದ ಕೆಳಗಿನ ಕೊಯಮತ್ತೂರೇ ಜಿಲ್ಲಾ ಕೇಂದ್ರವಾಯಿತು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯ ಜಹಗೀರಾಗಿ ಕೊಡಲಾಯಿತು. ಆ ವಂಶದ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ತಾವೂ ಮೈಸೂರಿನ ದಿವಾನರಾಗಿದ್ದರು. ಹೀಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿರುವ ಎರಡು ಊರುಗಳಲ್ಲಿ ಒಂದು ಊರಿನ ಮೇಲ್ಮನವಿ ಮದರಾಸಿನ ಹೈಕೋರ್ಟಿಗೆ ಹೋಗುತ್ತಿತ್ತು. ಇನ್ನೊಂದರದು 1884ರಲ್ಲಿ ಸ್ಥಾಪನೆಯಾದ ಮೈಸೂರಿನ ಚೀಫ್ ಕೋರ್ಟಿಗೆ ಹೋಗುತ್ತಿತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಯ ತಾಲ್ಲೂಕಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಹುಟ್ಟಿತು. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಈ ಇಸವಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. 1940ರ ಕೊಳ್ಳೇಗಾಲದ ಜಿಲ್ಲಾ ಕೋರ್ಟಿನ ದಾಖಲೆ ಬೇಕೆಂದು ಚಾಮರಾಜನಗರದಲ್ಲಿ ಕೇಳಿದರೆ ಅಲ್ಲಿನ ಗುಮಾಸ್ತರು ಇಲ್ಲವೆಂದು ಹೇಳಿದ್ದು ಸುಳ್ಳಲ್ಲ. ಆ ಕಾಲಕ್ಕೆ ಜಿಲ್ಲಾ ಕೋರ್ಟು ಇದ್ದದ್ದು ಕೊಯಮತ್ತೂರಿನಲ್ಲಿ. 1970ರದ್ದಾದರೆ ಮೈಸೂರಿನಲ್ಲಿ. ಗಡಿ ದಾಟಿ ಬಂದ ತಾಲ್ಲೂಕಿನ ವಿಷಯದಲ್ಲಿ 1956ರ ಆಚೀಚೆಯ ಕೆಲವು ವರ್ಷಗಳ ಕಡತಗಳನ್ನು ಎರಡೂ ಕಡೆ ಕೇಳಿ ನೋಡುವುದೇ ಕ್ಷೇಮ.

ಈ ಒಡಕು ಕಲ್ಲಿನ ದಾಖಲೆಗಳನ್ನೂ ಬಿಟ್ಟಿಲ್ಲ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಸಂಗ್ರಹಿಸಿದಾಗ ಯಳಂದೂರಿನ ಶಾಸನಗಳು ಅದರಲ್ಲಿ ಸೇರಿದವು. ಮದರಾಸಿಗೆ ಸೇರಿದ್ದ ಕೊಳ್ಳೇಗಾಲ ಹೊರಗುಳಿಯಿತು. ಮೈಸೂರು ವಿಶ್ವವಿದ್ಯಾನಿಲಯ ತಂದ ಪರಿಷ್ಕೃತ ಆವೃತ್ತಿಯಲ್ಲಷ್ಟೇ ಎರಡೂ ತಾಲ್ಲೂಕುಗಳು ಒಂದೇ ಸಂಪುಟದಲ್ಲಿ ಕೂಡಿದವು.

ಕಾನೂನೂ ಎರಡು

ಕಪಾಟು ಬೇರೆಯಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ, ಕಾನೂನೂ ಬೇರೆಯಾಗಿತ್ತು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲ ಅದು. ಕೂಡುಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡಸರಷ್ಟಲ್ಲದಿದ್ದರೂ ಒಂದು ಪಾಲನ್ನು ಅದು ಕೊಟ್ಟಿತು. ಆ ಕಾಯಿದೆ ಯಳಂದೂರಿಗೆ ಅನ್ವಯಿಸುತ್ತಿತ್ತು, ಮುಳ್ಳೂರಿಗೆ ಇಲ್ಲ. ಮುಳ್ಳೂರು ಬ್ರಿಟಿಷ್ ಇಂಡಿಯಾ. ಅಲ್ಲಿ 1937ರಲ್ಲಿ ಬಂದ ಕೇಂದ್ರದ ಕಾಯಿದೆ ವಿಧವೆಗೆ ಮಾತ್ರ, ಅದೂ ಅವಳ ಜೀವಮಾನಕ್ಕೆ ಮಾತ್ರ ಹಕ್ಕು ಕೊಟ್ಟಿತು. ಕೃಷಿ ಭೂಮಿಗೆ ಅದು ಅನ್ವಯಿಸುವುದಿಲ್ಲವೆಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಮದರಾಸು ಸರಕಾರ ಕೃಷಿ ಭೂಮಿಗೂ ಅದನ್ನು ವಿಸ್ತರಿಸಿ ಕಾಯಿದೆ ಮಾಡಿದ್ದು 1947ರಲ್ಲಿ.

ಅಣ್ಣ ತಮ್ಮಂದಿರಿಬ್ಬರು, ಒಬ್ಬ ಯಳಂದೂರಿನಲ್ಲಿ, ಒಬ್ಬ ಮುಳ್ಳೂರಿನಲ್ಲಿ ಬೇರೆ ಬೇರೆ ಮನೆ ಹೂಡಿ ಇಬ್ಬರೂ 1942ರಲ್ಲಿ ತೀರಿಕೊಂಡರೆಂದು ಇಟ್ಟುಕೊಳ್ಳಿ. ಯಳಂದೂರಿನ ಮನೆ ಪಾಲಾಗುವಾಗ ಹೆಂಡತಿಯೂ ಮದುವೆಯಾಗದ ಮಗಳೂ ಪಾಲಿನ ಮಾತೆತ್ತಬಹುದಿತ್ತು. ಮುಳ್ಳೂರಿನ ಹೆಂಡತಿಗೆ ಹೊಲದ ವಿಷಯದಲ್ಲಿ ಸಿಗುತ್ತಿದ್ದದ್ದು ಹೆಚ್ಚೆಂದರೆ ಅನ್ನ ಬಟ್ಟೆ. ಮಗಳಿಗೆ ಸಿಗುತ್ತಿದ್ದದ್ದು ಮದುವೆಯ ಖರ್ಚು. 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದು ಇಬ್ಬರನ್ನೂ ಒಂದೇ ಸೂರಿನ ಕೆಳಗೆ ತಂದಿತು. ಆಮೇಲೆ ಐದೇ ತಿಂಗಳಿಗೆ ತಾಲ್ಲೂಕೂ ಈಚೆ ಬಂತು. ಹಳೆಯ ಪತ್ರವೊಂದರಲ್ಲಿ ಅಜ್ಜಿಯ ಹೆಸರು ಏಕಿಲ್ಲ ಎಂದು ಸಿಟ್ಟಾಗುವ ಮೊದಲು ಪತ್ರದ ತಾರೀಖನ್ನೂ ಅದು ಬರೆದ ಸ್ಥಳವನ್ನೂ ನೋಡಿ.

ಪ್ರೊಬೇಟು ಎಂದರೇನು?

ಪೇಟೆಯಲ್ಲಿರುವ ಮಕ್ಕಳು ‘ಪ್ರೊಬೇಟ್ ಆಗಿದೆಯೇ?’ ಎಂದು ಕೇಳುತ್ತಾರೆ. ಉಯಿಲು ನಿಜವಾದದ್ದು ಎಂದು ನ್ಯಾಯಾಲಯ ಮುದ್ರೆಯೊತ್ತಿ, ಅದನ್ನು ನಡೆಸಿಕೊಡುವವನಿಗೆ ಕೊಡುವ ಆದೇಶವೇ ಪ್ರೊಬೇಟು. ಉಯಿಲಿಲ್ಲದೆ ಸತ್ತಾಗ, ಅಥವಾ ಉಯಿಲಿನಲ್ಲಿ ನಡೆಸುವವನನ್ನು ಹೆಸರಿಸದಿದ್ದಾಗ, ಆಸ್ತಿಯ ಆಡಳಿತಕ್ಕೆ ಕೋರ್ಟು ಕೊಡುವ ಅಧಿಕಾರಪತ್ರ ಬೇರೆ. ಬ್ಯಾಂಕಿನ ಹಣ, ಸಾಲಪತ್ರ, ಷೇರುಗಳಿಗಾಗಿ ಕೊಡುವ ಉತ್ತರಾಧಿಕಾರ ಪತ್ರ, ಅಂದರೆ ಸಕ್ಸೆಷನ್ ಸರ್ಟಿಫಿಕೇಟ್, ಇನ್ನೂ ಬೇರೆ. ಇದಕ್ಕೆ 1889ರಲ್ಲೇ ಒಂದು ಕಾಯಿದೆಯಿತ್ತು. ಆಮೇಲೆ ಎಲ್ಲವೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೊಳಗೆ ಸೇರಿದವು.

ನಮ್ಮ ಕಡೆಯ ಹಿಂದೂ ಮನೆತನಗಳಲ್ಲಿ ಪ್ರೊಬೇಟು ಸಿಗುವುದು ಅಪರೂಪ. ಕಾರಣ ಸರಳ. ಹಿಂದೂಗಳ ಉಯಿಲಿಗೆ ಅದು ಕಡ್ಡಾಯವಾಗಿದ್ದದ್ದು ಕಲ್ಕತ್ತೆಯ ಬಂಗಾಳ ಸೀಮೆಯಲ್ಲಿ, ಮದರಾಸು ಮತ್ತು ಮುಂಬಯಿ ನಗರಗಳಲ್ಲಿ ಬರೆದ ಉಯಿಲುಗಳಿಗೆ ಮತ್ತು ಅಲ್ಲಿನ ಸ್ಥಿರಾಸ್ತಿಗೆ ಮಾತ್ರ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ಮದರಾಸಿನಲ್ಲಿ ಒಂದು ಮನೆ ಕೊಂಡಿದ್ದರೆ ಅವರ ಉಯಿಲಿನ ಪ್ರೊಬೇಟು ಮದರಾಸು ಹೈಕೋರ್ಟಿನಲ್ಲಿ ಇರಬಹುದು. ಹಳ್ಳಿಯಲ್ಲಷ್ಟೇ ಜಮೀನಿದ್ದವರದು ಎಲ್ಲಿಯೂ ಇರಲಾರದು. ಇನ್ನೂ ಒಂದು ಮಾತು ಕೇಳಿ. ಕೊಳ್ಳೇಗಾಲದಂಥ ಮದರಾಸಿನ ಒಳನಾಡುಗಳಲ್ಲಿ 1927ರ ಜನವರಿ 1ಕ್ಕಿಂತ ಮುಂಚೆ ಹಿಂದೂ ಉಯಿಲಿಗೆ ಬರಹವೇ ಬೇಕೆಂದಿರಲಿಲ್ಲ, ಬಾಯಿಮಾತಿನ ಉಯಿಲೂ ನಡೆಯುತ್ತಿತ್ತು. ಅಂಥದರ ಕುರುಹು ಸಿಕ್ಕರೆ ಮುಂದೆ ಅದರ ಬಗ್ಗೆ ಜಗಳವಾಗಿ ಹೂಡಿದ ದಾವಾದ ಕಡತದಲ್ಲಿ ಮಾತ್ರ ಸಿಕ್ಕೀತು. 1956ಕ್ಕಿಂತ ಹಿಂದಿನ ಉಯಿಲುಗಳು ಸಾಮಾನ್ಯವಾಗಿ ಸ್ವಯಾರ್ಜಿತ ಆಸ್ತಿಯವು ಎಂಬುದೂ ನೆನಪಿರಲಿ. ಕೂಡುಕುಟುಂಬದ ತನ್ನ ಪಾಲನ್ನು ಉಯಿಲಿನಿಂದ ಕೊಡುವ ಅಧಿಕಾರ ಹಿಂದೂ ಗಂಡಸಿಗೆ ಬಂದದ್ದು ಆ ವರ್ಷದ ಕಾಯಿದೆಯಿಂದಲೇ.

ಕ್ರೈಸ್ತರ ಮಾತು ಬೇರೆ. ಹನೂರು ಕಡೆಯ ಮಾರ್ಟಳ್ಳಿಯಂಥ ಊರುಗಳಲ್ಲಿ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿವೆ. ಭಾರತೀಯ ಕ್ರೈಸ್ತರ ಉಯಿಲಿಗೆ 2002ರ ತಿದ್ದುಪಡಿಯವರೆಗೂ ಪ್ರೊಬೇಟಿನ ಕಟ್ಟುಪಾಡಿತ್ತು. ಹಾಗಾಗಿ ಅವರ ಹಳೆಯ ಉಯಿಲುಗಳನ್ನು ಜಿಲ್ಲಾ ನ್ಯಾಯಾಲಯಗಳ ದಾಖಲೆ ಕೋಣೆಯಲ್ಲಿ ಹುಡುಕುವುದರಲ್ಲಿ ಅರ್ಥವಿದೆ. ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್, ಹೊನ್ನಮೇಟಿಗಳಲ್ಲಿ ಕಾಫಿ ತೋಟ ಮಾಡಿದ ಯುರೋಪಿಯನ್ನರಂಥವರ ಉಯಿಲುಗಳನ್ನು ಹುಡುಕುವವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯನ್ನೂ ನೋಡಬೇಕು. ಮದರಾಸು ಪ್ರಾಂತದಲ್ಲಿ ಸತ್ತ ಯುರೋಪಿಯನ್ನರ ಉಯಿಲಿನ ಪ್ರತಿಗಳು ಇಂಡಿಯಾ ಆಫೀಸಿನ ದಾಖಲೆಗಳ ಜೊತೆ ಅಲ್ಲಿವೆ.

ಪ್ರೊಬೇಟು ಕೊಟ್ಟ ಮೇಲೆ ಮೂಲ ಉಯಿಲನ್ನು ಯಾರಿಗೂ ಹಿಂದಕ್ಕೆ ಕೊಡುವುದಿಲ್ಲ. ಅದನ್ನು ಜಿಲ್ಲಾ ನ್ಯಾಯಾಧೀಶರ ದಾಖಲೆಗಳ ನಡುವೆಯೇ ಕಾಪಾಡಬೇಕೆಂದು 1925ರ ಕಾಯಿದೆಯ 294ನೆಯ ಕಲಂ ಹೇಳುತ್ತದೆ. ಅಂದರೆ ಪ್ರೊಬೇಟಿನ ನಂಬರು ಸಿಕ್ಕಿದರೆ ಅಜ್ಜನ ಕೈಬರಹವೂ ಸಿಗುವ ಸಂಭವವಿದೆ. ಕರ್ನಾಟಕದ ನ್ಯಾಯಾಲಯಗಳಲ್ಲಿ ಈ ಪ್ರಕರಣಗಳಿಗೆ ‘ಪಿ. ಅಂಡ್ ಎಸ್.ಸಿ.’ ಎಂಬ ಗುರುತಿದೆ. ತಕರಾರು ಬಂದರೆ ಅದು ಮೂಲ ದಾವಾ ಆಗಿ ‘ಓ.ಎಸ್.’ ನಂಬರು ಪಡೆಯುತ್ತದೆ. ಒಂದು ಪಟ್ಟಿಯಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ನೋಡಿ.

ಉಪನೋಂದಣಾಧಿಕಾರಿಯ ಮೂರನೆಯ ಪುಸ್ತಕ

ನಮ್ಮಂಥ ಹಳ್ಳಿಗರಿಗೆ ಕೋರ್ಟಿಗಿಂತ ಮೊದಲು ನೋಡಬೇಕಾದದ್ದು ರಿಜಿಸ್ಟ್ರಾರ್ ಕಚೇರಿ. 1908ರ ನೋಂದಣಿ ಕಾಯಿದೆ ಅಲ್ಲಿ ಇಡಬೇಕಾದ ಪುಸ್ತಕಗಳಿಗೆ ನಂಬರು ಕೊಟ್ಟಿದೆ. ಒಂದನೆಯ ಪುಸ್ತಕದಲ್ಲಿ ಕ್ರಯ, ಅಡಮಾನ, ದಾನ, ಪಾಲುಪಾರಿಕತ್ತು ಮುಂತಾದ ಸ್ಥಿರಾಸ್ತಿಯ ಪತ್ರಗಳ ನಕಲು. ಎರಡನೆಯದರಲ್ಲಿ ನೋಂದಣಿ ನಿರಾಕರಿಸಿದ್ದಕ್ಕೆ ಕಾರಣ. ಮೂರನೆಯದರಲ್ಲಿ ಉಯಿಲುಗಳು ಮತ್ತು ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರಗಳು. ನಾಲ್ಕನೆಯದು ಚಿಲ್ಲರೆ ಪತ್ರಗಳದು. ಐದನೆಯದು ಮೊಹರು ಹಾಕಿದ ಲಕೋಟೆಯಲ್ಲಿ ಇರಿಸಿದ ಉಯಿಲುಗಳ ಪಟ್ಟಿ.

ಬಹಳ ಜನ ಎಡವುವುದು ಇಲ್ಲಿ. ಇ.ಸಿ. ತೆಗೆಸುತ್ತಾರೆ, ಅದರಲ್ಲಿ ಏನೂ ಕಾಣುವುದಿಲ್ಲ, ‘ಉಯಿಲು ಇಲ್ಲ’ ಎಂದು ತೀರ್ಮಾನಿಸುತ್ತಾರೆ. ಆದರೆ ಇ.ಸಿ. ತಯಾರಾಗುವುದು ಒಂದನೆಯ ಪುಸ್ತಕದಿಂದ. ಮೂರನೆಯ ಪುಸ್ತಕದ ಉಯಿಲು ಅದರಲ್ಲಿ ಬರುವುದಿಲ್ಲ. ಉಯಿಲಿಗೆ ಪ್ರತ್ಯೇಕವಾಗಿ ಅರ್ಜಿ ಕೊಡಬೇಕು.

ಒಂದನೆಯ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಮೂರನೆಯದಕ್ಕೆ ಬೀಗವಿದೆ. ಉಯಿಲು ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ನಕಲು. ಅವರು ಸತ್ತ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕೆಂದು 57ನೆಯ ಕಲಂ ಹೇಳುತ್ತದೆ. ಮಗನೇ ಆಗಬೇಕೆಂದಿಲ್ಲ, ಮದುವೆಯಾಗಿ ಹೋದ ಮಗಳೂ ಕೇಳಬಹುದು, ಸೊಸೆಯೂ ಕೇಳಬಹುದು. ಮರಣ ಪ್ರಮಾಣಪತ್ರವನ್ನು ಅರ್ಜಿಯ ಜೊತೆ ಇಡಿ. ಪುಸ್ತಕ ತೆರೆದು ಹುಡುಕುವುದು ಅಧಿಕಾರಿಯ ಕೆಲಸ, ನಮ್ಮದಲ್ಲ. ಹಾಗಾಗಿ ಉಯಿಲು ಬರೆದವರ ಹೆಸರು, ತಂದೆಯ ಹೆಸರು, ಊರು, ಅಂದಾಜು ವರ್ಷ, ಇವನ್ನು ಸ್ಪಷ್ಟವಾಗಿ ಬರೆದುಕೊಟ್ಟಷ್ಟೂ ಕೆಲಸ ಹಗುರ.

ಲಕೋಟೆಯ ಉಯಿಲು ಇನ್ನೊಂದು ಕಥೆ. ಅದನ್ನು ಇರಿಸಿಕೊಳ್ಳುವವರು ತಾಲ್ಲೂಕಿನವರಲ್ಲ, ಜಿಲ್ಲಾ ರಿಜಿಸ್ಟ್ರಾರರು. ಬರೆದವರು ಸತ್ತ ಮೇಲೆ ಯಾರಾದರೂ ಅರ್ಜಿ ಕೊಟ್ಟರೆ ಅವರೆದುರಿನಲ್ಲಿ ಲಕೋಟೆ ಒಡೆದು, ಮೂರನೆಯ ಪುಸ್ತಕಕ್ಕೆ ನಕಲು ಮಾಡುತ್ತಾರೆ. ಕೊಳ್ಳೇಗಾಲದವರಿಗೆ 1956ರವರೆಗೆ ಆ ಜಿಲ್ಲಾ ರಿಜಿಸ್ಟ್ರಾರರು ಇದ್ದದ್ದು ಮದರಾಸು ರಾಜ್ಯದಲ್ಲಿ ಎಂಬುದನ್ನು ಮರೆಯಬೇಡಿ.

ದತ್ತಕದ ಅಧಿಕಾರಪತ್ರವನ್ನೂ ಕಡೆಗಣಿಸಬೇಡಿ. ಮದರಾಸಿನ ಹಿಂದೂ ಕಾನೂನಿನಲ್ಲಿ ವಿಧವೆ ದತ್ತು ತೆಗೆದುಕೊಳ್ಳಬೇಕಾದರೆ ಗಂಡ ಕೊಟ್ಟ ಅನುಮತಿ ಬೇಕಿತ್ತು, ಇಲ್ಲವೇ ದಾಯಾದಿಗಳ ಒಪ್ಪಿಗೆ ಬೇಕಿತ್ತು. ಮಕ್ಕಳಿಲ್ಲದ ಮನೆಗಳ ಆಸ್ತಿ ಯಾರಿಗೆ ಹೋಯಿತು ಎಂಬ ಗಂಟು ಅನೇಕ ಸಲ ಈ ಒಂದು ಪುಟದ ಪತ್ರದಿಂದ ಬಿಚ್ಚಿಕೊಳ್ಳುತ್ತದೆ.

ಉಯಿಲನ್ನು ನೋಂದಾಯಿಸಲೇಬೇಕೆಂಬ ನಿಯಮವಿಲ್ಲ. ಪೆಟ್ಟಿಗೆಯ ತಳದಲ್ಲಿರುವ ಬಿಳಿಯ ಕಾಗದದ ಉಯಿಲೂ, ಸಹಿ ಮತ್ತು ಇಬ್ಬರು ಸಾಕ್ಷಿಗಳಿದ್ದರೆ, ಉಯಿಲೇ. ಆದರೆ ಹಳೆಯದಾದ ಮಾತ್ರಕ್ಕೆ ಅದು ರುಜುವಾತಾಗುವುದಿಲ್ಲ. ಮೂವತ್ತು ವರ್ಷ ದಾಟಿದ ಬೇರೆ ಪತ್ರಗಳ ಬಗ್ಗೆ ಕೋರ್ಟು ತಳೆಯಬಹುದಾದ ನಂಬಿಕೆಯನ್ನು ಉಯಿಲಿಗೆ ವಿಸ್ತರಿಸಲಾಗದೆಂದು ಸುಪ್ರೀಂ ಕೋರ್ಟು ಹೇಳಿದೆ. ಸಾಕ್ಷಿಗಳು ಯಾರು, ಬರೆದವರು ಯಾರು ಎಂಬುದನ್ನು ತಿಳಿದ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ದಾವಾದ ಕಡತ ಮತ್ತು ಪೌತಿ ಖಾತೆ

ಉಯಿಲು ಸಿಗದಿದ್ದರೆ ನಿರಾಶರಾಗಬೇಡಿ. ನಮ್ಮ ಮನೆತನಗಳ ಚರಿತ್ರೆ ಹೆಚ್ಚಾಗಿ ಅಡಗಿರುವುದು ಪಾಲಿನ ದಾವಾಗಳಲ್ಲಿ. ಅಲ್ಲಿ ವಂಶವೃಕ್ಷವಿರುತ್ತದೆ, ಯಾರು ಯಾವಾಗ ಸತ್ತರೆಂಬ ಹೇಳಿಕೆಯಿರುತ್ತದೆ, ಮರ ಬಾವಿಗಳ ಸಮೇತ ಆಸ್ತಿಯ ಪಟ್ಟಿಯಿರುತ್ತದೆ, ಕಮಿಷನರರ ನಕ್ಷೆಯಿರುತ್ತದೆ. ಆದರೆ ಎಲ್ಲವೂ ಉಳಿಯುವುದಿಲ್ಲ. 1917ರ ದಾಖಲೆ ನಾಶದ ಕಾಯಿದೆಯಂತೆ ಹೈಕೋರ್ಟುಗಳು ನಿಯಮ ಮಾಡಿ, ಅವಧಿ ಮುಗಿದ ಕಾಗದಗಳನ್ನು ವಿಲೇವಾರಿ ಮಾಡಿಸುತ್ತವೆ. ಸಾಕ್ಷಿ ಹೇಳಿಕೆಗಳು ಹೋಗಿದ್ದರೂ ತೀರ್ಪು, ಡಿಕ್ರಿಗಳು ಉಳಿದಿರುವುದುಂಟು. ಕಂದಾಯದ ಜಮೀನನ್ನು ಅಳೆದು ಹಂಚುವ ಕೆಲಸವನ್ನು ಕೋರ್ಟು ಕಂದಾಯ ಇಲಾಖೆಗೆ ಒಪ್ಪಿಸುತ್ತಿದ್ದುದರಿಂದ ಕಡತದ ಬಾಲ ತಾಲ್ಲೂಕು ಕಚೇರಿಯಲ್ಲಿ ಸಿಗುವುದೂ ಉಂಟು.

ನಕಲು ಪಡೆಯಲು ದಾವಾ ನಂಬರು ಮತ್ತು ವರ್ಷ ಬೇಕು. ಅದು ಗೊತ್ತಿಲ್ಲದಿದ್ದರೆ ಆಮೇಲಿನ ಕ್ರಯಪತ್ರಗಳನ್ನು ಓದಿ. ‘ಇಂಥ ದಾವಾದಲ್ಲಿ ನಮ್ಮ ಪಾಲಿಗೆ ಬಂದ’ ಎಂಬ ಸಾಲಿನಲ್ಲಿ ನಂಬರು ಕೂತಿರುತ್ತದೆ. ಕಕ್ಷಿಗಾರರಾಗಿದ್ದವರು ನೇರವಾಗಿ ನಕಲು ಅರ್ಜಿ ಹಾಕಬಹುದು. ಹೊರಗಿನವರು ತಮಗೆ ಅದು ಏಕೆ ಬೇಕೆಂದು ಪ್ರಮಾಣಪತ್ರ ಸಲ್ಲಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇವೆ ಎನ್ನುವವರಿಗೆ ಒಂದು ಮಾತು: ನ್ಯಾಯಾಲಯದ ಕಡತಗಳ ನಕಲನ್ನು ನ್ಯಾಯಾಲಯದ ನಿಯಮಗಳಂತೆಯೇ ಪಡೆಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇನ್ನು ತಾಲ್ಲೂಕು ಕಚೇರಿ. ಮನೆಯ ಯಜಮಾನ ಸತ್ತಾಗ ಪೌತಿ ಖಾತೆ ಮಾಡಿಸುತ್ತೇವೆ. ಈವತ್ತಿನ ಪಹಣಿಯಲ್ಲಿ ಕಾಣುವ ಎಂ.ಆರ್. ನಂಬರನ್ನು ಹಿಡಿದು ಹಿಂದಿನ ನಮೂದಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಆದರೆ ಖಾತೆ ಇದ್ದವನೇ ಒಡೆಯನೆಂದು ತಿಳಿಯಬೇಡಿ. ಖಾತೆ ಕಂದಾಯ ಕಟ್ಟುವವರ ಪಟ್ಟಿ. ಅದು ಹಕ್ಕನ್ನು ಹುಟ್ಟಿಸುವುದಿಲ್ಲ, ಕಳೆಯುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಿರಿಯ ಮಗನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ತಂಗಿಯರ ಪಾಲು ಕರಗಿಹೋಗುವುದಿಲ್ಲ.

ಓದುವ ಕಷ್ಟ

ಕಾಗದ ಸಿಕ್ಕಿತು ಎನ್ನಿ. ಓದಬೇಕಲ್ಲ! ಮದರಾಸು ಕಾಲದ ಕಾಗದಗಳಲ್ಲಿ ಶಾನುಭೋಗನ ಜಾಗದಲ್ಲಿ ಕರ್ಣಂ ಬರುತ್ತಾನೆ. ಖಾತೆ ಪಹಣಿಗಳ ಜಾಗದಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್ ಬರುತ್ತವೆ. ವರ್ಷವನ್ನು ಫಸಲಿಯಲ್ಲಿ ಕೊಟ್ಟಿದ್ದರೆ 590 ಕೂಡಿಸಿ. ಫಸಲಿ 1366 ಎಂದರೆ 1956ರ ಜುಲೈಯಿಂದ ಮುಂದಿನ ಜೂನ್‌ವರೆಗೆ. ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರ. ದುರ್ಮುಖಿ ಎಂದರೆ 1956-57 ಆಗಬಹುದು, ಅರವತ್ತು ವರ್ಷ ಹಿಂದಿನ 1896-97 ಕೂಡ ಆಗಬಹುದು.

ಅಳತೆಯಲ್ಲಂತೂ ಹೊಲವೇ ಕೈತಪ್ಪಬಹುದು. ಮೈಸೂರು ಕಡೆ ಎಕರೆಗೆ 40 ಗುಂಟೆ. ಮದರಾಸು ಕಡೆ ಎಕರೆಗೆ 100 ಸೆಂಟು. ಕಾಗದದಲ್ಲಿ ‘2-20’ ಎಂದಿದ್ದರೆ ಯಳಂದೂರಿನಲ್ಲಿ ಅದು ಎರಡೂವರೆ ಎಕರೆ, ಹಳೆಯ ಕೊಳ್ಳೇಗಾಲದಲ್ಲಿ ಎರಡು ಎಕರೆ ಎಂಟು ಗುಂಟೆ. ನಡುವಿನ ಹನ್ನೆರಡು ಗುಂಟೆಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಮೊದಲು ಯಾವ ಲೆಕ್ಕ ಎಂದು ನೋಡುವುದು ಒಳ್ಳೆಯದು.

ಹೆಸರುಗಳ ಪಾಡೂ ಇಷ್ಟೇ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಬೇರೆ ಬೇರೆ ಅಕ್ಷರಗಳಲ್ಲ. ಬಸವಯ್ಯ ಪಕಾರದ ಪಟ್ಟಿಗೂ ದೇವಮ್ಮ ತಕಾರದ ಪಟ್ಟಿಗೂ ಸೇರಿಹೋಗಿರಬಹುದು. ಇಂಗ್ಲಿಷಿನಲ್ಲಿ ಬರೆದಿದ್ದರೆ ಮಾದಯ್ಯ, ಮಹದೇವಯ್ಯ, ಮಾದಪ್ಪ ಮೂವರೂ ಒಬ್ಬನೇ ಆಗಿರಬಹುದು, ಬೇರೆ ಬೇರೆಯೂ ಆಗಿರಬಹುದು. ಊರಿನ ಹೆಸರನ್ನೂ ತಾಲ್ಲೂಕಿನ ಸಮೇತ ಬರೆಯಿರಿ. ಮುಳ್ಳೂರು ಇದೊಂದೇ ಅಲ್ಲ. ಕೊಡಗಿನಲ್ಲಿ ಬಸದಿಗಳಿಂದ ಹೆಸರಾದ ಇನ್ನೊಂದು ಮುಳ್ಳೂರಿದೆ.

ಇನ್ನೂ ಹಿಂದಕ್ಕೆ, ಇನಾಂ ಜಮೀನಿನ ಮೂಲಕ್ಕೆ ಹೋಗಬೇಕಾದವರು ಕೊಳ್ಳೇಗಾಲದ ವಿಷಯದಲ್ಲಿ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. 1858ರಲ್ಲಿ ಮದರಾಸು ಸರಕಾರ ನೇಮಿಸಿದ ಇನಾಂ ಕಮಿಷನ್ನಿನ ದಾಖಲೆಗಳು ಅಲ್ಲಿವೆ. ಯಳಂದೂರಿನವರು ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಮೈಸೂರಿನಲ್ಲಿರುವ ಅದರ ವಿಭಾಗೀಯ ಕಚೇರಿಯನ್ನೂ ವಿಚಾರಿಸಬೇಕು.

ಇದೆಲ್ಲ ಏಕೆ ಬೇಕು?

ಹಳೆಯ ಕಾಗದ ಹುಡುಕಿ ಜಗಳ ಎಬ್ಬಿಸುವುದೇಕೆ ಎಂದು ಕೇಳುವವರಿದ್ದಾರೆ. ಕಾಗದವಿಲ್ಲದಿದ್ದರೆ ಜಗಳ ಇರುವುದಿಲ್ಲವೆ? ಇರುತ್ತದೆ, ಆದರೆ ಗೆಲ್ಲುವುದು ಗಟ್ಟಿ ಗಂಟಲಿನವನು.

ಹೆಣ್ಣುಮಕ್ಕಳ ವಿಷಯವನ್ನೇ ನೋಡಿ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನೂ ತೆಗೆಯಿತು. ತಂದೆ ಅಂದು ಬದುಕಿರಬೇಕೆಂಬ ಷರತ್ತೂ ಇಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಉಳಿದದ್ದು ಒಂದು ತಾರೀಖು, 2004ರ ಡಿಸೆಂಬರ್ 20. ಅದಕ್ಕೆ ಮೊದಲು ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ. ಬಾಯಿಮಾತಿನಲ್ಲಿ ಪಾಲಾಗಿತ್ತು ಎನ್ನುವವರು ಅಪರೂಪದ ಸಂದರ್ಭದಲ್ಲಿ, ಸಾರ್ವಜನಿಕ ದಾಖಲೆಗಳ ಬೆಂಬಲದಿಂದ ಮಾತ್ರ ಅದನ್ನು ಸಾಧಿಸಬಹುದು.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿ. ‘ಆಗಲೇ ಪಾಲಾಗಿದೆ, ನಿನಗೇನೂ ಇಲ್ಲ’ ಎಂದು ಅಣ್ಣ ಹೇಳಿದರೆ ತಂಗಿ ಅಳುತ್ತಾ ಹಿಂತಿರುಗಬೇಕಾಗಿಲ್ಲ. ಕೊಳ್ಳೇಗಾಲದ ಉಪನೋಂದಣಾಧಿಕಾರಿಯ ಒಂದನೆಯ ಪುಸ್ತಕದಲ್ಲಿ ಆ ಪಾರಿಕತ್ತು ಇದೆಯೇ ಎಂದು ಹುಡುಕಿಸಬಹುದು. ಇದ್ದರೆ ಅಣ್ಣನ ಮಾತು ನಿಜ. ಅವಳೂ ಒಪ್ಪಿಕೊಂಡು ಸಂಬಂಧ ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ಅವಳಿಗೊಂದು ಮಾತಿದೆ. ಹಾಗೆಯೇ ತಾನು ಯಾವಾಗಲೋ ಹೆಬ್ಬೆಟ್ಟು ಒತ್ತಿದ್ದು ಹಕ್ಕು ಬಿಡುಗಡೆ ಪತ್ರಕ್ಕೋ ಬ್ಯಾಂಕಿನ ಸಾಲದ ಕಾಗದಕ್ಕೋ ಎಂದು ತಿಳಿಯದ ತಾಯಂದಿರೂ ಇದ್ದಾರೆ. ಬಿಡುಗಡೆ ಪತ್ರ ನೋಂದಣಿಯಾಗಿದ್ದರೆ ಅದೂ ಆ ಪುಸ್ತಕದಲ್ಲೇ ಸಿಗುತ್ತದೆ. ತಾಲ್ಲೂಕು ಕೇಂದ್ರಕ್ಕೆ ಒಂದೆರಡು ಸಲ ಓಡಾಡಿದರೆ ತೀರುವ ಅನುಮಾನವನ್ನು ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡು ತವರಿನ ಹಬ್ಬಕ್ಕೆ ಹೋಗದವರು ಎಷ್ಟು ಜನರಿಲ್ಲ!

ಇನ್ನೊಂದು ಕಾರಣ ನಮ್ಮ ಪಕ್ಕದಲ್ಲೇ ಹರಿಯುತ್ತದೆ. ಕಾವೇರಿಗೆ ನೆರೆ ಬಂದಾಗ ದಾಸನಪುರ, ಮುಳ್ಳೂರು, ಹರಳೆಯಂಥ ದಂಡೆಯ ಊರುಗಳಿಗೆ ನೀರು ಬರುತ್ತದೆ. ಜನ ದನಕರು, ಮಕ್ಕಳನ್ನು ಮೊದಲು ದಾಟಿಸುತ್ತಾರೆ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ನೆನಪಾಗುವುದು ನೀರು ಇಳಿದ ಮೇಲೆ. ನೆನೆದು ಮುದ್ದೆಯಾದ ಪತ್ರದ ನಕಲು ನೋಂದಣಿ ಪುಸ್ತಕದಲ್ಲಿ ಇದೆ ಎನ್ನುವುದು ದೊಡ್ಡ ಸಮಾಧಾನ. ನೋಂದಣಿ ನಂಬರು, ವರ್ಷ, ಪುಸ್ತಕದ ಸಂಪುಟ, ಪುಟ, ಇಷ್ಟನ್ನು ಒಂದು ನೋಟು ಪುಸ್ತಕದಲ್ಲಿ ಬರೆದು ಬೇರೆ ಊರಿನ ನೆಂಟರ ಮನೆಯಲ್ಲೂ ಒಂದು ಪ್ರತಿ ಇಡಿ. ಕಂದಾಯ ಕಚೇರಿಗಳ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಆದರೆ ಕಂಪ್ಯೂಟರಿನಲ್ಲಿರುವ ಪುಟವನ್ನೂ ನಂಬರು ಗೊತ್ತಿದ್ದವನೇ ಬೇಗ ಹುಡುಕುತ್ತಾನೆ.

ಕಾಗದವೇ ಇಲ್ಲದವರನ್ನೂ ಇಲ್ಲಿ ನೆನೆಯಬೇಕು. ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಸೋಲಿಗರಿಗೆ ಯಾವ ರಿಜಿಸ್ಟ್ರಾರೂ ಇರಲಿಲ್ಲ. ಕುಲದ ಹೆಸರು, ದೇವರ ತಾಣ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಇವೇ ಅವರ ದಾಖಲೆಗಳು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಪುರಾವೆಯಾಗಿ ಒಪ್ಪಬಹುದೆಂದಿವೆ. ಆ ಕಾಯಿದೆಯಲ್ಲಿ ಸಿಕ್ಕ ಭೂಮಿ ಮಕ್ಕಳಿಗೆ ಇಳಿಯುತ್ತದೆ, ಮಾರುವಂತಿಲ್ಲ. ಹಕ್ಕುಪತ್ರದಲ್ಲಿ ಗಂಡ ಹೆಂಡಿರಿಬ್ಬರ ಹೆಸರೂ ಇರಬೇಕು. ಬಯಲು ಸೀಮೆಯ ನಮ್ಮ ಪತ್ರಗಳು ಇಷ್ಟು ವರ್ಷಗಳಲ್ಲಿ ಕಲಿಯದ ಪಾಠವನ್ನು ಕಾಡಿನ ಹಕ್ಕುಪತ್ರ ಮೊದಲ ದಿನವೇ ಕಲಿತಿದೆ.

ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ಮನೆಯ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹೆಣ್ಣುಮಕ್ಕಳ ಹೆಸರು, ಅವರನ್ನು ಕೊಟ್ಟ ಊರು, ಸತ್ತವರ ಸತ್ತ ವರ್ಷ, ಎಲ್ಲವೂ ಅದರಲ್ಲಿರಲಿ. ಆ ಹಾಳೆಯ ಪಕ್ಕದಲ್ಲಿ 1933, 1956, 1994, 2005 ಎಂದು ಗೆರೆ ಎಳೆಯಿರಿ. ಯಾರು ಯಾವ ಗೆರೆಯ ಆಚೆ, ಯಾರು ಈಚೆ ಎಂದು ಕಂಡಾಗ ಯಾವ ಕಚೇರಿಯ ಬಾಗಿಲಿಗೆ ಹೋಗಬೇಕೆಂಬುದೂ ಕಾಣುತ್ತದೆ. ಹೋಗುವಾಗ ಒಬ್ಬರೇ ಹೋಗಬೇಡಿ. ಅಣ್ಣ ತಂಗಿ ಒಟ್ಟಿಗೆ ಹೋಗಿ, ಒಂದೇ ಅರ್ಜಿಗೆ ಇಬ್ಬರೂ ಸಹಿ ಹಾಕಿ. ಬಂದ ನಕಲನ್ನು ಮನೆಯಲ್ಲಿ ಎಲ್ಲರೆದುರಿಗೆ ಗಟ್ಟಿಯಾಗಿ ಓದಿಸಿ.